ನಿಂತುಹೋದ ಯೆಜ್ಡಿಯನ್ನು ಎಬ್ಬಿಸುವುದು: ಟ್ಯಾಂಕು ಮೊದಲು, ಬಣ್ಣ ಕೊನೆಗೆ

ಹಳೆಯ ಯೆಜ್ಡಿ ಬೈಕು ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಓಡುವುದು ಪೇಂಟರ್ ಹತ್ತಿರ. ಟ್ಯಾಂಕಿಗೆ ಬಣ್ಣ, ಸೈಲೆನ್ಸರಿಗೆ ನಿಕಲ್, ಸೀಟಿಗೆ ಹೊಸ ರೆಕ್ಸಿನ್. ಗಾಡಿ ಮದುವಣಗಿತ್ತಿಯ ಹಾಗೆ ನಿಲ್ಲುತ್ತದೆ, ಆದರೆ ಓಡುವುದಿಲ್ಲ. ಆಮೇಲೆ ಎಂಜಿನ್ ಇಳಿಸುವಾಗ ಚಾಸಿಯ ಬಣ್ಣಕ್ಕೆ ಸ್ಪ್ಯಾನರ್ ಗೀರುತ್ತದೆ, ಸೋರಿದ ಪೆಟ್ರೋಲು ಟ್ಯಾಂಕಿನ ಬಣ್ಣ ಎಬ್ಬಿಸುತ್ತದೆ, ಅದೇ ಕೆಲಸಕ್ಕೆ ಎರಡನೇ ಸಲ ದುಡ್ಡು. ಕ್ರಮ ಉಲ್ಟಾ ಇರಬೇಕು: ದಾಖಲೆ, ಟ್ಯಾಂಕು, ಎಂಜಿನ್, ವೈರಿಂಗ್, ಬ್ರೇಕು. ಗಾಡಿ ಕೊಳಕಾಗಿಯೇ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬಣ್ಣ.

ದಾಖಲೆಯ ಮಾತು ಚಿಕ್ಕದು, ಆದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಮುಗಿಸಬೇಕಾದದ್ದು. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆಯಾಗಬೇಕು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ನಮ್ಮ ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾದ ಜಿಲ್ಲೆ. ಹಾಗಾಗಿ ಹಳೆಯ ಗಾಡಿಯ ಕಡತ ಯಾವ ಆರ್‌ಟಿಒ ಕಚೇರಿಯಲ್ಲಿದೆ ಎಂದು ಮೊದಲೇ ವಿಚಾರಿಸಿ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 50 ವರ್ಷ ತುಂಬಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು, ಆದರೆ ಆ ನಂಬರಿನಲ್ಲಿ ದಿನಾ ಸಂತೆಗೆ ಹೋಗಿಬರುವ ಹಾಗಿಲ್ಲ. ದಿನಬಳಕೆ ಬೇಕಿದ್ದವರಿಗೆ ಸಾಮಾನ್ಯ ನವೀಕರಣವೇ ಸರಿ.

ಕಿಕ್ ಹೊಡೆಯಬೇಡಿ

ಹತ್ತು ವರ್ಷ ನಿಂತ ಎಂಜಿನ್ನಿಗೆ ಮೊದಲ ದಿನವೇ ಕಿಕ್ ಹೊಡೆಯುವುದು ದೊಡ್ಡ ತಪ್ಪು. ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ನಿನ ರಿಂಗು ಅಂಟಿಕೊಂಡಿರುತ್ತದೆ. ಯೆಜ್ಡಿಯಂಥ ಟೂ-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರಿನಲ್ಲಿ ಪೋರ್ಟುಗಳು, ಅಂದರೆ ಗಾಳಿ-ಹೊಗೆ ಓಡಾಡುವ ಕಿಂಡಿಗಳಿವೆ. ರಿಂಗು ಮುರಿದು ಪೋರ್ಟಿಗೆ ಸಿಕ್ಕಿತೆಂದರೆ ಪಿಸ್ಟನ್, ಸಿಲಿಂಡರ್ ಎರಡೂ ಹೋದಂತೆ. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಸಮಪಾಲು ಬೆರೆಸಿ ಆ ತೂತಿನಿಂದ 30 ಮಿ.ಲೀ. ಬಿಡಿ. ಎರಡು ದಿನ ಹಾಗೇ ಇರಲಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಅಲ್ಲಾಡದಿದ್ದರೆ ಮತ್ತೆ ಎಣ್ಣೆ, ಮತ್ತೆ ಎರಡು ದಿನ. ಬಲ ಹಾಕುವ ಆಸೆ ಬಂದರೆ ಎದ್ದು ಒಂದು ಟೀ ಕುಡಿದು ಬನ್ನಿ.

ಇದೇ ಹೊತ್ತಿಗೆ ಏರ್ ಫಿಲ್ಟರ್ ಡಬ್ಬಿ, ಎರಡೂ ಸೈಲೆನ್ಸರುಗಳ ಹಿಂಬದಿ ನೋಡಿಬಿಡಿ. ಮೆಕ್ಕೆಜೋಳದ ಮೂಟೆ ಇಟ್ಟ ಕೊಟ್ಟಿಗೆಯಲ್ಲಿ ನಿಂತ ಗಾಡಿಯಾದರೆ ಇಲಿ ಗೂಡು ಗ್ಯಾರಂಟಿ.

ಟ್ಯಾಂಕು

ನಿಂತ ಗಾಡಿಯ ಅರ್ಧ ರೋಗ ಟ್ಯಾಂಕಿನಲ್ಲೇ ಇರುತ್ತದೆ. ಒಳಗಿನ ತುಕ್ಕು ಪುಡಿಯಾಗಿ ಕಾರ್ಬ್ಯುರೇಟರಿಗೆ ಇಳಿಯುತ್ತಲೇ ಇದ್ದರೆ ಕಾರ್ಬ್ಯುರೇಟರ್ ಎಷ್ಟು ಸಲ ತೊಳೆದರೂ ಗಾಡಿ ದಾರಿಯಲ್ಲಿ ನಿಲ್ಲುತ್ತದೆ.

ಪೆಟ್ರೋಲ್ ಟ್ಯಾಪ್ ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ಹಳೆಯ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ. ಒಳಗೆ ಎಂ6 ನಟ್ಟುಗಳನ್ನು ಎಣಿಸಿ ಹಾಕಿ, ಐವತ್ತು ಸಾಕು. ಒಂದು ಲೀಟರ್ ನೀರು, ಒಂದು ಚಮಚ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ. ಹೊರಬಂದ ನಟ್ಟನ್ನೂ ಎಣಿಸಿ. ಒಂದು ಒಳಗುಳಿದರೆ ಅದು ಜೀವನಪೂರ್ತಿ ಗಲಗಲ ಅನ್ನುತ್ತದೆ. ಆಮೇಲೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್): ಲೀಟರ್ ನೀರಿಗೆ 100 ಗ್ರಾಂ. 14-15 ಲೀಟರ್ ಹಿಡಿಯುವ ಟ್ಯಾಂಕಿಗೆ ಒಂದೂವರೆ ಕಿಲೋ ಬೇಕು. ಹಂಡೆಯ ಬಿಸಿನೀರಿನಲ್ಲಿ ಕರಗಿಸಿ ಬಾಯಿಯವರೆಗೆ ತುಂಬಿ. ಅರ್ಧ ತುಂಬಿದರೆ ನೀರಿನ ಗೆರೆಯ ಮೇಲಿನ ತುಕ್ಕು ಹಾಗೇ ಉಳಿಯುತ್ತದೆ. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತದೆ. 12 ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ, 24 ಗಂಟೆಯಲ್ಲಿ ಬೂದುಬಣ್ಣದ ತಗಡು ಕಾಣಬೇಕು. ಕಕ್ಕಸು ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ತಗಡನ್ನೂ ತಿನ್ನುತ್ತದೆ, ಹೊರಗಿನ ಕ್ರೋಮನ್ನೂ ಬಿಡುವುದಿಲ್ಲ.

ಖಾಲಿ ಮಾಡಿದ ಕೂಡಲೇ ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಿನಿಂದ ತೊಳೆಯಿರಿ. ಕೊನೆಯ ತೊಳೆತಕ್ಕೆ ಬೋರಿನ ನೀರು ಬೇಡ. ಈ ಸೀಮೆಯ ಗಡಸು ನೀರು ಬಿಳಿ ಪೊರೆ ಬಿಡುತ್ತದೆ. ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಸಾಕು. ಮುಂದಿನ ಹತ್ತು ನಿಮಿಷದಲ್ಲೇ ಎಲ್ಲ ಕೆಡುವುದು: ಬೆತ್ತಲೆ ತಗಡು ಒದ್ದೆಯಾಗಿದ್ದರೆ ಕಣ್ಣೆದುರೇ ಕೆಂಪಾಗುತ್ತದೆ. ಹೇರ್ ಡ್ರೈಯರ್ ಮೊದಲೇ ಸಿದ್ಧವಿರಲಿ. ಪೂರ್ತಿ ಒಣಗಿ, ತಣ್ಣಗಾದ ಮೇಲೆ ಅರ್ಧ ಲೀಟರ್ ಪೆಟ್ರೋಲಿಗೆ 100 ಮಿ.ಲೀ. 2ಟಿ ಆಯಿಲ್ ಬೆರೆಸಿ ಒಳಗೆಲ್ಲ ತಿರುಗಿಸಿ.

ತುಕ್ಕು ಹೋದ ಮೇಲೆ ಸೂಜಿಮೊನೆಯಷ್ಟು ತೂತು ಕಾಣುವುದುಂಟು. ಅಲ್ಲಿಯವರೆಗೆ ಅದನ್ನು ಮುಚ್ಚಿದ್ದು ತುಕ್ಕೇ. ಇದನ್ನು ಬೆಸುಗೆಯವರ ಕೈಗೆ ಕೊಡುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತೆಂದು ಹೇಳಲೇಬೇಕು. ಖಾಲಿ ಟ್ಯಾಂಕಿನೊಳಗಿನ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ. ಹಳೆಯ ರಬ್ಬರ್ ಪೈಪ್, ಟ್ಯಾಪಿನ ವಾಷರ್ ಎಸೆದು ಹೊಸದು ಹಾಕಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಅದು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿಯೇ ನಿಲ್ಲಿಸಿ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತಿಗೆ ಸೂಜಿ, ತಂತಿ ಹಾಕಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಮೈಲೇಜು ಹೋಯಿತು. ಮೀನು ಹಿಡಿಯುವ ನೈಲಾನ್ ದಾರ ಮತ್ತು ಗಾಳಿ ಸಾಕು. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ, ಗುಳ್ಳೆ ಬಂದರೆ ತೂತಾಗಿದೆ.

ಎಂಜಿನ್

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ, ಪ್ರತಿ ಭಾಗದ ಬೋಲ್ಟಿಗೆ ಬೇರೆ ಜಿಪ್ ಕವರ್. ಕವರುಗಳ ಸ್ಕ್ರೂ ತಲೆ ಹಾಳು ಮಾಡದೆ ಬಿಚ್ಚಲು ಇಂಪ್ಯಾಕ್ಟ್ ಡ್ರೈವರ್ ಬೇಕೇ ಬೇಕು. ಡೈನಮೊ ರೋಟರಿಗೆ ಸುತ್ತಿಗೆ ಏಟು ಹಾಕಿದರೆ ಕ್ರ್ಯಾಂಕ್ (ಪಿಸ್ಟನ್ ಏರಿಳಿದಂತೆ ತಿರುಗುವ ದಂಡ) ಓರೆಯಾಗುತ್ತದೆ. ಪುಲ್ಲರ್ ಬೋಲ್ಟ್ ಕೊಂಡುಕೊಳ್ಳಿ.

ಸಿಲಿಂಡರ್ ತೆಗೆದ ಮೇಲೆ ಕನೆಕ್ಟಿಂಗ್ ರಾಡನ್ನು ಮೇಲ್ತುದಿಗೆ ತಂದು ನೇರ ಮೇಲೆ ಕೆಳಗೆ ಎಳೆದು ನೋಡಿ. ಅಡ್ಡಕ್ಕೆ ಸ್ವಲ್ಪ ಆಡಿದರೆ ತೊಂದರೆಯಿಲ್ಲ, ಮೇಲೆ ಕೆಳಗೆ ಟಕ್ ಅಂದರೆ ಬಿಗ್ ಎಂಡ್, ಅಂದರೆ ರಾಡಿನ ಕೆಳತುದಿಯ ಬೇರಿಂಗ್ ಹೋಗಿದೆ. ಅದು ಮನೆಯ ಕೆಲಸವಲ್ಲ. ಒತ್ತಿ ಕೂರಿಸಿದ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಡಯಲ್ ಗೇಜ್ ಇಟ್ಟು ನೇರ ಮಾಡುವ ಲೇತ್ ಅಂಗಡಿಗೇ ಕೊಡಿ. ಮಿಲ್ಲುಗಳ ಊರಾದ ದಾವಣಗೆರೆಯಲ್ಲಿ ಲೇತ್ ಕೆಲಸಕ್ಕೆ ಬರವಿಲ್ಲ. ಓರೆ 0.05 ಮಿ.ಮೀ. ದಾಟಬಾರದೆಂದು ಹೇಳಿ, ಗೇಜಿನ ಮುಳ್ಳನ್ನು ಎದುರಿಗೇ ನೋಡಿ ಬನ್ನಿ.

ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡುವುದು) ಮಾಡಿಸಬೇಕಿದ್ದರೆ ಪಿಸ್ಟನ್ ಮೊದಲು ಕೊಳ್ಳಿ, ಆಮೇಲೆ ಸಿಲಿಂಡರ್ ಕೊಡಿ. ಮೂಲಕ್ಕಿಂತ ಇಷ್ಟು ಮಿ.ಮೀ. ದೊಡ್ಡದು ಎನ್ನಲು 0.25, 0.50 ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಪಿಸ್ಟನ್ನಿನ ನಿಜವಾದ ಅಳತೆ ಬೇರೆ ಇರಬಹುದು. ಸಿಲಿಂಡರ್ ಕೊರೆಯಬೇಕಾದ್ದು ಆ ಪಿಸ್ಟನ್ನಿಗೆ. ವಾಪಸ್ ಬಂದ ಸಿಲಿಂಡರಿನ ಪೋರ್ಟುಗಳ ಅಂಚಿಗೆ ಬೆರಳು ಆಡಿಸಿ. ಚೂಪಾಗಿದ್ದರೆ ಸಣ್ಣ ಅರದಿಂದ ಅಂಚು ಮುರಿಯಬೇಕು. ಇದನ್ನು ಮರೆಯುವ ಬೋರಿಂಗ್ ಅಂಗಡಿಗಳೇ ಹೆಚ್ಚು. ಹೊಸ ರಿಂಗು ನೂರು ಕಿಲೋಮೀಟರಿಗೇ ಸವೆದರೆ ಕಾರಣ ಇದೇ. ರಿಂಗನ್ನು ಒಂದನ್ನೇ ಸಿಲಿಂಡರಿಗಿಳಿಸಿ ಫೀಲರ್ ಗೇಜಿನಿಂದ ಬಾಯಿ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಅಳೆಯಿರಿ. 65 ಮಿ.ಮೀ. ಬೋರಿಗೆ 0.25 ಮಿ.ಮೀ. ಆಸುಪಾಸು ಇರಲಿ. ರಿಂಗಿನ ಬಾಯಿ ಪಿಸ್ಟನ್ನಿನ ಗ್ರೂವಿನಲ್ಲಿರುವ ಪಿನ್ನಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಸರ್ಕ್ಲಿಪ್ ಹಳೆಯದನ್ನು ಮತ್ತೆ ಹಾಕಬೇಡಿ. ಹೊಸದನ್ನು ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ.

ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲು ಅಗ್ಗದ ಸಾಮಾನು, ಆದರೆ ಟೂ-ಸ್ಟ್ರೋಕಿನ ಪ್ರಾಣ ಅದರಲ್ಲೇ. ಕ್ಲಚ್ ಕಡೆಯದು ಹೋದರೆ ಎಂಜಿನ್ ಗೇರ್ ಆಯಿಲನ್ನು ಹೀರುತ್ತದೆ: ದಟ್ಟ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆ, ಗೇರ್ ಬಾಕ್ಸಿನ ಲೆವೆಲ್ ಇಳಿಯುತ್ತಾ ಹೋಗುತ್ತದೆ. ಡೈನಮೊ ಕಡೆಯದು ಹೋದರೆ ಗಾಳಿ ಒಳಗೆಳೆಯುತ್ತದೆ: ಎಕ್ಸಲೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಹೈವೇಯಲ್ಲಿ ಪಿಸ್ಟನ್ ಜಾಮ್. ಮೆಕ್ಯಾನಿಕ್ ಹೊಗೆ ನೋಡಿ ರಿಂಗ್ ಬದಲಿಸೋಣ ಅಂದರೆ ಮೊದಲು ಗೇರ್ ಆಯಿಲ್ ಲೆವೆಲ್ ತೋರಿಸಿ. ಎಂಜಿನ್ ಬಿಚ್ಚಿದ್ದರೆ ಸೀಲು ಚೆನ್ನಾಗಿದ್ದರೂ ಬದಲಿಸಿ.

ನಿಂತ ಗಾಡಿಯ ಕ್ಲಚ್ ಪ್ಲೇಟು ಒಂದಕ್ಕೊಂದು ಅಂಟಿರುತ್ತವೆ. ಹೊಸದಾದರೆ ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ ಹಾಕಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಕ್ಲಚ್ ಲಿವರಿನ ತುದಿಯಲ್ಲಿ 2-3 ಮಿ.ಮೀ. ಸಡಿಲ ಬಿಡಿ. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೂ ಕ್ಲಚ್ ಬಿಡುವುದರಿಂದ, ಅಡ್ಜಸ್ಟ್ ಸ್ಕ್ರೂ ಅತಿಯಾಗಿ ಬಿಗಿಯಾದರೆ ಕಾಲು ಲಿವರಿನ ಮೇಲೆ ತೂಗಿದಾಗೆಲ್ಲ ಪ್ಲೇಟು ಸುಡುತ್ತದೆ. ಅದೇ ಲಿವರ್ ಕಿಕ್ಕರ್ ಕೂಡ. ಹಲ್ಲು ಸವೆದು ಜಾರುತ್ತಿದ್ದರೆ ಬೆಸುಗೆ ಹಾಕಿಸಬೇಡಿ, ಮುಂದಿನ ಸಲ ಬಿಚ್ಚುವವರು ಶಾಪ ಹಾಕುತ್ತಾರೆ.

ಸೈಲೆನ್ಸರಿನ ಒಳಕೊಳವೆಗೆ ಹಿಡಿದ ಕರಿ ತೆಗೆಯಲು ಲೀಟರ್ ನೀರಿಗೆ 100 ಗ್ರಾಂ ಕಾಸ್ಟಿಕ್ ಸೋಡಾ, ಒಂದು ರಾತ್ರಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿದರೆ ಮುಖಕ್ಕೆ ಚಿಮ್ಮುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅಲ್ಯೂಮಿನಿಯಂ ಹೆಡ್ಡನ್ನು ಅದರಲ್ಲಿ ಅದ್ದಿದರೆ ಕರಗಿಹೋಗುತ್ತದೆ.

ಕರೆಂಟು

ಪ್ಲಗ್ಗಿನಲ್ಲಿ ಕಿಡಿ ಹಾರಿಸಲು ತೆರೆದು ಮುಚ್ಚುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ., ಪ್ಲಗ್ಗಿನದು 0.6. ಪಾಯಿಂಟ್ ಬಾಯಲ್ಲಿ ಕಿಡಿ ಹಾರಿ ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಟೈಮಿಂಗ್ (ಕಿಡಿ ಹಾರುವ ಹೊತ್ತು) ಮಾದರಿಯಿಂದ ಮಾದರಿಗೆ ಬೇರೆ, ಸರ್ವಿಸ್ ಪುಸ್ತಕದ ಅಳತೆಯನ್ನೇ ನಂಬಿ, ಪಾಯಿಂಟ್ ಗ್ಯಾಪ್ ಸರಿಮಾಡಿದ ಮೇಲೆಯೇ ಟೈಮಿಂಗ್ ಹಿಡಿಯಿರಿ. ಗ್ಯಾಪ್ ಆಮೇಲೆ ಬದಲಿಸಿದರೆ ಟೈಮಿಂಗೂ ಕೆಡುತ್ತದೆ.

6 ವೋಲ್ಟಿನ ಗಾಡಿಯ ಲೈಟು ಹಣತೆಯಂತೆ ಉರಿಯುತ್ತದೆಂದು ಬೈಯುವವರು ಮೊದಲು ಅರ್ತಿಂಗ್ ನೋಡಲಿ. 6 ವೋಲ್ಟಿನಲ್ಲಿ ಒಂದು ವೋಲ್ಟ್ ತುಕ್ಕಿನಲ್ಲಿ ಕಳೆದರೆ ಆರನೇ ಒಂದು ಭಾಗ ಹೋಯಿತು. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ಬಣ್ಣ ಕೆರೆದು ಹೊಸ ವೈರ್ ಹಾಕಿ. ಪೌಡರ್ ಕೋಟಿಂಗ್ ಆದ ಮೇಲೆ ಲೈಟು ಹೋಗುವುದಕ್ಕೂ ಇದೇ ಕಾರಣ: ಕೋಟಿಂಗ್ ಕರೆಂಟು ಬಿಡುವುದಿಲ್ಲ.

ಟೈರಿನ ಗುಂಡಿ ಸವೆಯದೆ ಇದ್ದರೂ ಪಕ್ಕದ ನಾಲ್ಕು ಅಂಕಿ ಓದಿ, ಅದು ಟೈರು ತಯಾರಾದ ಹೊತ್ತು: ಮೊದಲೆರಡು ವಾರ, ಕೊನೆಯೆರಡು ವರ್ಷ. ಬಿರುಕು ಬಿಟ್ಟ ಹಳೆಯ ಟೈರಿನಲ್ಲಿ ಓಡಿಸಬೇಡಿ. ಬ್ರೇಕ್ ಶೂ ಲೈನರ್ ಅಂಟು ಬಿಟ್ಟು ಡ್ರಮ್ಮಿನಲ್ಲಿ ಸಿಕ್ಕಿಕೊಂಡರೆ ಚಕ್ರ ಏಕ್‌ದಮ್ ನಿಲ್ಲುತ್ತದೆ, ಹೊಸ ಲೈನರ್ ಹಾಕಿಸಿ.

ಬಣ್ಣ

ಚಾಸಿ ನಂಬರಿನ ಮೇಲೆ ಟೇಪ್ ಹಚ್ಚದೆ ಬ್ಲಾಸ್ಟಿಂಗಿಗೆ (ಮರಳು ಚಿಮ್ಮಿಸಿ ತುಕ್ಕು ತೆಗೆಯಲು) ಕೊಟ್ಟರೆ ನಂಬರ್ ಅಳಿಸಿ, ಆರ್‌ಟಿಒದಲ್ಲಿ ಅಳುವ ಪಾಳಿ. ತಗಡಿಗೆ 80ರ ಉಜ್ಜುವ ಪೇಪರ್, ಪುಟ್ಟಿ ಹಾಕಿದ ಮೇಲೆ 180, 320, ಪ್ರೈಮರಿನ ಮೇಲೆ ನೀರು ಹಾಕಿ 600. ಆಷಾಢದ ಗಾಳಿಯಲ್ಲಿ ಬಯಲಲ್ಲಿ ಸ್ಪ್ರೇ ಮಾಡಬೇಡಿ. ದುರ್ಗದ ಗಾಳಿಗೆ ಧೂಳು ಕೂರುತ್ತದೆ, ಅರ್ಧ ಬಣ್ಣ ಪಕ್ಕದ ಮನೆಯ ಗೋಡೆಗೆ ಹೋಗುತ್ತದೆ. ಪಿಯು (ಪಾಲಿಯುರೆಥೇನ್) ಪೇಂಟಿನ ಆವಿ ಶ್ವಾಸಕೋಶಕ್ಕೆ ವಿಷ, ಅದಕ್ಕೆ ಬಟ್ಟೆಯ ಮಾಸ್ಕ್ ಸಾಲದು. ಆರ್‌ಸಿಯಲ್ಲಿರುವ ಬಣ್ಣವೇ ಇರಲಿ.

ಹೊಸ ಬೋರಿನ ಮೊದಲ 500 ಕಿಲೋಮೀಟರಿಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ ಆಯಿಲ್, ಆಮೇಲೆ 30. ಮೊದಲ ದಿನ ದಾವಣಗೆರೆಯಿಂದ ಹರಿಹರದವರೆಗೆ ಹೋಗಿ, ಅರ್ಧ ಎಕ್ಸಲೇಟರ್ ಮೀರದೆ. ಅಲ್ಲಿ ಎಂಜಿನ್ ಪೂರ್ತಿ ತಣ್ಣಗಾಗಲಿ, ಹೆಡ್ ನಟ್ಟುಗಳನ್ನು ಅಡ್ಡಡ್ಡಕ್ಕೆ ಮತ್ತೊಮ್ಮೆ ಬಿಗಿ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣವಿದ್ದರೆ ವಾಪಸ್ ಹೊರಡಿ. ಬೆಳ್ಳಗಿದ್ದರೆ ಹೊರಡಬೇಡಿ, ಗಾಳಿ ಎಲ್ಲಿ ಸೇರುತ್ತಿದೆ ಎಂದು ಕಾರ್ಬ್ಯುರೇಟರಿನ ಗ್ಯಾಸ್ಕೆಟ್‌ನಿಂದ ಹುಡುಕಲು ಶುರುಮಾಡಿ.