ಕಡಿಮೆ ಎಣ್ಣೆ ಮಾರುವ ಗೊಬ್ಬರದ ಅಂಗಡಿ

ಹಾವೇರಿ ಜಿಲ್ಲೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವರಿಗೆ ವ್ಯಾಪಾರ ಬೇರೆ, ಊರು ಬೇರೆ ಅಂತ ಇರಲು ಆಗುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಕಳೆದುಕೊಂಡರು. ಈ ಭಾಗದಲ್ಲಿ ಲೈಸೆನ್ಸ್ ಪಡೆದ ಯಾರೂ ಅದನ್ನು ಮರೆಯಬಾರದು. ಬಿತ್ತನೆ ಹೊತ್ತಿಗೆ ಚೀಲ ಸಿಗದಿದ್ದರೆ ಆ ಮನೆಯ ಇಡೀ ವರ್ಷವೇ ಹೋಯಿತು.

ಹೊರಗಿನವರಿಗೆ ಗೊತ್ತಿರಲಿ ಅಂತ ಲೆಕ್ಕ ಹೇಳುತ್ತೇನೆ. 45 ಕೆಜಿ ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ. ನಮ್ಮಂಥ ಅಂಗಡಿಯವರಿಗೆ ಸಿಗುವ ಕಮಿಷನ್ ಟನ್ನಿಗೆ 354 ರೂಪಾಯಿ, ಅಂದರೆ ಚೀಲಕ್ಕೆ ಹದಿನಾರು ರೂಪಾಯಿ. ಹಮಾಲಿ, ಗೋಡೌನ್ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಲಾಭ ಇರುವುದು ಕೀಟನಾಶಕದಲ್ಲಿ, ನಮ್ಮ ಕಡೆ ಎಲ್ಲರೂ ಎಣ್ಣೆ ಅನ್ನುತ್ತಾರಲ್ಲ, ಅದರಲ್ಲಿ. ಮತ್ತೆ ಬೆಳೆ ಚೆನ್ನಾಗಿ ಬರುತ್ತದೆ ಅಂತ ಹೊಳೆಯುವ ಬಾಟಲಿಗಳಲ್ಲಿ ಮಾರುವ ಟಾನಿಕ್‌ಗಳಲ್ಲಿ. ಕಂಪನಿಗಳ ಟಾರ್ಗೆಟ್, ಸ್ಕೀಮು, ಫಾರಿನ್ ಟೂರು ಎಲ್ಲ ನಿಂತಿರುವುದು ಇವುಗಳ ಮೇಲೆ. ಹಾಗಾಗಿ ಅಂಗಡಿಯವನು ಏನೂ ಯೋಚಿಸದೆ ಗಾಳಿ ಬಂದ ಕಡೆ ತೂರಿಕೊಂಡು ಹೋದರೆ ರೈತನ ಹೊಲಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಎಣ್ಣೆ ಬೀಳುವುದು ಗ್ಯಾರಂಟಿ.

ನಾನು ಮೊದಲು ಮಾಡಿಕೊಂಡ ನಿಯಮ ಒಂದೇ. ಎಲೆ ನೋಡದೆ ಎಣ್ಣೆ ಕೊಡುವುದಿಲ್ಲ.

2018ರಲ್ಲಿ ಫಾಲ್ ಆರ್ಮಿವರ್ಮ್ ಅನ್ನುವ ಸೈನಿಕ ಹುಳು ಗೋವಿನಜೋಳಕ್ಕೆ ಬಿತ್ತು. ದೇಶದಲ್ಲೇ ಅದು ಮೊದಲು ಕಾಣಿಸಿಕೊಂಡದ್ದು ನಮ್ಮ ರಾಜ್ಯದಲ್ಲಿ. ಆಗ ಜನ ಹೆದರಿ ಅಂಗಡಿ ಮುಂದೆ ನಿಂತಿದ್ದರು. "ಏನರ ಕೊಡ್ರಿ ಸಾವ್ಕಾರ್ರ, ಸುಳಿ ಎಲ್ಲಾ ತಿಂದು ಹಾಕೇತಿ" ಅಂತ ಒಬ್ಬರು ಹಿರಿಯರು ಬಂದರು. ಬೇರೆ ಅಂಗಡಿಯಲ್ಲಿ ಅವರಿಗೆ ಮೂರು ಬಾಟಲಿ ಸೇರಿಸಿ ಹೊಡೆಯಲು ಹೇಳಿದ್ದರಂತೆ. "ಕಾಕಾ, ಒಂದು ಗಿಡ ಕಿತ್ತು ತರ್ರಿ" ಅಂದೆ. ಸೈಕಲ್ ಮೇಲೆ ಹೋಗಿ ತಂದರು. ಕೌಂಟರ್ ಮೇಲೆ ಸುಳಿ ಬಿಡಿಸಿದೆವು. ಒಳಗೆ ಗರಗಸದ ಹೊಟ್ಟಿನಂತೆ ಒದ್ದೆ ಹಿಕ್ಕೆ, ಅದರ ಕೆಳಗೆ ಹುಳು. ಇನ್ನೂ ಚಿಕ್ಕದು, ಬೆರಳಿನ ಉಗುರಿನಷ್ಟೂ ಇರಲಿಲ್ಲ. ಆ ಹಂತದಲ್ಲಿ ಎಮಾಮೆಕ್ಟಿನ್ ಬೆಂಜೊಯೇಟ್ ಒಂದೇ ಸಾಕು, ಲೀಟರಿಗೆ 0.4 ಗ್ರಾಂ. 16 ಲೀಟರ್ ಟ್ಯಾಂಕಿಗೆ ಆರು ಗ್ರಾಂ ಚಿಲ್ಲರೆ. ಎಲೆ ಮೇಲೆ ಸುಮ್ನೆ ಎರಚಿದರೆ ಉಪಯೋಗವಿಲ್ಲ, ಸಂಜೆ ಹೊತ್ತು ಸುಳಿಗೇ ಬೀಳಬೇಕು. ಇಷ್ಟನ್ನೂ ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆದು ಕೊಟ್ಟೆ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯ ಅಕ್ಷರ ವಯಸ್ಸಾದವರ ಕಣ್ಣಿಗೆ ಕಾಣುವುದೇ ಇಲ್ಲ. ಸೂಲಂಗಿ, ಅಂದರೆ ಗಿಡದ ತುದಿಯ ಹೂಗೊಂಚಲು, ಬಂದ ಮೇಲೆ ಯಾರಾದರೂ ಇದೇ ಹುಳಕ್ಕೆ ಎಣ್ಣೆ ಕೇಳಿದರೆ ವಾಪಸ್ ಕಳಿಸುತ್ತೇನೆ, ಆಗ ಹೊಡೆದದ್ದು ಬರೀ ಖರ್ಚು.

ಡಬ್ಬಿ ಮೇಲಿನ ತ್ರಿಕೋನದ ಬಣ್ಣವನ್ನೂ ಪ್ರತಿಯೊಬ್ಬರಿಗೂ ತೋರಿಸುತ್ತೇನೆ. ಕೆಂಪು ಎಲ್ಲಕ್ಕಿಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ತರಕಾರಿ ಬೆಳೆಯುವವರಿಗೆ ಕೆಂಪಿನದನ್ನು ಕೊಡುವುದೇ ಇಲ್ಲ. ನಾಳೆ ಸಂತೆಯಲ್ಲಿ ಆ ಬದನೆಕಾಯಿ ಕೊಳ್ಳುವವರು ನಮ್ಮೂರಿನವರೇ ಅಲ್ವಾ? ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಅನ್ನುವುದನ್ನೂ ಬಿಲ್ಲಿನಲ್ಲಿ ಬರೆಯುತ್ತೇನೆ. ಮಕ್ಕಳ ಕೈಗೆ, ಕುಡಿದು ಬಂದವರ ಕೈಗೆ ಎಣ್ಣೆ ಕೊಡುವುದಿಲ್ಲ. ಮನೆಯಲ್ಲಿ ಜಗಳವಾಗಿ ಮುಖ ಬಾಡಿಸಿಕೊಂಡು ಬಂದವರನ್ನು ಕೂರಿಸಿ, ಚಹಾ ತರಿಸಿ, ಅವರ ಅಣ್ಣನಿಗೋ ತಮ್ಮನಿಗೋ ಫೋನ್ ಮಾಡುತ್ತೇನೆ. ಊರಿನ ಅಂಗಡಿಗೆ ಮುಖ ಪರಿಚಯ ಇರುತ್ತದೆ. ಆ ಪರಿಚಯ ಕೆಲಸಕ್ಕೆ ಬರಬೇಕಾದದ್ದು ಇಂಥ ಹೊತ್ತಿನಲ್ಲೇ.

ಬೀಜದ ವಿಷಯದಲ್ಲಿ ಇನ್ನೂ ಹುಷಾರು. ಸೋಯಾಬೀನ್ ಸಿಪ್ಪೆ ಸೂಕ್ಷ್ಮ, ಚೀಲ ಎತ್ತಿ ಒಗೆದರೂ ಮೊಳಕೆ ಕಡಿಮೆಯಾಗುತ್ತದೆ. ಹಮಾಲರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು ಮೆಲ್ಲಗೆ ಇಳಿಸಿಕೊಳ್ಳುತ್ತೇನೆ. ಹೊಸ ಲಾಟ್ ಬಂದರೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆರಳಲ್ಲಿ ಇಡುತ್ತೇವೆ. ನಿಯಮದ ಪ್ರಕಾರ ಸೋಯಾಬೀನ್‌ಗೆ ಕನಿಷ್ಠ ಶೇ. 70 ಮೊಳಕೆ ಇರಬೇಕು. ಒಮ್ಮೆ ಒಂದು ಕಂಪನಿಯ ಲಾಟ್‌ನಲ್ಲಿ ಅರ್ಧದಷ್ಟೂ ಮೊಳೆಯಲಿಲ್ಲ. ಮಾರಲಿಲ್ಲ, ವಾಪಸ್ ಕಳಿಸಿದೆ. ಪ್ರತಿನಿಧಿ ಸಿಟ್ಟಾದ, ಮುಂದಿನ ಹಂಗಾಮಿಗೆ ಮಾಲು ತಡ ಮಾಡಿದರು. ಅದನ್ನು ಸಹಿಸಿಕೊಳ್ಳಬಹುದು, ಎರಡನೇ ಸಲ ಬಿತ್ತಲು ದುಡ್ಡಿಲ್ಲದ ರೈತನ ಮುಖ ನೋಡುವುದು ಕಷ್ಟ. ಈಗ ಊರವರೂ ಗೋಣಿತಟ್ಟಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡುತ್ತಾರೆ, ಸ್ವಂತ ಬೀಜ ಇಟ್ಟುಕೊಂಡವರೂ ಇದ್ದಾರೆ. ನನ್ನ ಬೀಜದ ಮಾರಾಟ ಅಷ್ಟರಮಟ್ಟಿಗೆ ಇಳಿದಿದೆ, ಇಳಿಯಲಿ.

ಯೂರಿಯಾ ಜೊತೆ ಬೇರೆ ಮಾಲು ಕಟ್ಟಿ ಕಳಿಸುವ ಪದ್ಧತಿ ನಮ್ಮ ದೊಡ್ಡ ತಲೆನೋವು. ಮೇಲಿನಿಂದ ಕಂಪನಿಯವರು ನಮಗೆ ಕಟ್ಟುತ್ತಾರೆ, ನಾವು ರೈತರಿಗೆ ಕಟ್ಟಬೇಕು ಅಂತ ಅವರ ಲೆಕ್ಕ. ನಾನು ಕಟ್ಟುವುದಿಲ್ಲ. ಬೇಕೆಂದು ಕೇಳಿದವರಿಗೆ ಮಾತ್ರ ಕೊಡುತ್ತೇನೆ, ಉಳಿದದ್ದು ಗೋಡೌನ್‌ನಲ್ಲಿ ಧೂಳು ತಿನ್ನುತ್ತದೆ. ಗೊಬ್ಬರದ ಅಭಾವ ಇದ್ದಾಗ ಸ್ಟಾಕ್ ಎಷ್ಟಿದೆ ಅಂತ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯುತ್ತೇನೆ, ಎಕರೆ ನೋಡಿ ಹಂಚುತ್ತೇನೆ, ನೆಂಟರೂ ಪಾಳಿಯಲ್ಲೇ ನಿಲ್ಲಬೇಕು. ಅವರಲ್ಲಿ ಕೆಲವರು ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಉದ್ರಿ ಇಲ್ಲದೆ ಈ ವ್ಯಾಪಾರ ನಡೆಯುವುದಿಲ್ಲ. 2023ರ ಬರದಲ್ಲಿ ಗೋವಿನಜೋಳ ಒಣಗಿದಾಗ ಉದ್ರಿ ಪುಸ್ತಕ ತುಂಬಿತು, ವಸೂಲಿ ನಿಂತಿತು. ಬಡ್ಡಿ ಹಚ್ಚಲಿಲ್ಲ, ಮುಂದಿನ ಬಿತ್ತನೆಗೂ ಬೀಜ ಗೊಬ್ಬರ ಕೊಟ್ಟೆ, ಟಾನಿಕ್ ಮಾತ್ರ ಯಾರಿಗೂ ಉದ್ರಿ ಇಲ್ಲ ಅಂದೆ. ಡಿಸ್ಟ್ರಿಬ್ಯೂಟರ್‌ಗೆ ನಾನು ಕಟ್ಟಬೇಕಾದ ಬಡ್ಡಿ ತಪ್ಪಲಿಲ್ಲ, ಮನೆಯವಳ ಬಂಗಾರ ಬ್ಯಾಂಕಿಗೆ ಹೋಯಿತು. ಮರುವರ್ಷ ಮಳೆ ಆಯಿತು, ಹೆಚ್ಚಿನವರು ಮಾಲು ಮಾರಿದ ದಿನವೇ ಬಂದು ಕೊಟ್ಟರು. ಒಂದಿಬ್ಬರದು ಇನ್ನೂ ಬರಬೇಕು. ಅವರ ಪರಿಸ್ಥಿತಿ ನನಗೆ ಗೊತ್ತಿದೆ, ಕೇಳಲು ಹೋಗಿಲ್ಲ.

ಹೊಸದಾಗಿ ಅಂಗಡಿ ಹಾಕುವ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ‘ದೇಸಿ’ (DAESI) ಅನ್ನುವ ಡಿಪ್ಲೊಮಾ ಮಾಡಿ ಅನ್ನುತ್ತೇನೆ. ಹೈದರಾಬಾದಿನ ಮ್ಯಾನೇಜ್ (MANAGE) ಅನ್ನುವ ಕೃಷಿ ತರಬೇತಿ ಸಂಸ್ಥೆ 2003ರಲ್ಲಿ ಅಂಗಡಿಯವರಿಗೆಂದೇ ಶುರು ಮಾಡಿದ ಒಂದು ವರ್ಷದ ಕೋರ್ಸ್ ಅದು. ವಾರಕ್ಕೊಂದು ದಿನ ಕ್ಲಾಸು, ನಡುನಡುವೆ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ. ಅಂಗಡಿ ಮುಚ್ಚದೆಯೇ ಮುಗಿಸಬಹುದು. ಜೊತೆಗೆ ಕೌಂಟರ್ ಮೇಲೆ ಒಂದು ಭೂತಗನ್ನಡಿ ಇಟ್ಟುಕೊಳ್ಳಿ, ಥ್ರಿಪ್ಸ್‌ನಂಥ ಸಣ್ಣ ರಸ ಹೀರುವ ಕೀಟ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ.