ಸ್ಕೇಲು ಆಮೇಲೆ, ಗೇಣು ಮೊದಲು

ಮೂರನೇ ತರಗತಿಯ ಮಕ್ಕಳ ಕೈಗೆ ಸ್ಕೇಲು ಕೊಟ್ಟು ಪೆನ್ಸಿಲ್ ಅಳೆಯಲು ಹೇಳಿ ನೋಡಿ. ಕೆಲವರು ಪೆನ್ಸಿಲಿನ ತುದಿಯನ್ನು 1ರ ಗೆರೆಗೆ ಹಿಡಿಯುತ್ತಾರೆ, ಕೆಲವರು ಸೊನ್ನೆಯನ್ನು ಬಿಟ್ಟು ಪ್ಲಾಸ್ಟಿಕ್ಕಿನ ಅಂಚಿಗೆ ಹಿಡಿಯುತ್ತಾರೆ. ಇದನ್ನು ಅವಸರದ ತಪ್ಪು ಎಂದು ಬಿಡಬೇಡಿ. ಮಗು ಎಣಿಸುತ್ತಿರುವುದು ಗೆರೆಗಳನ್ನು. ಎರಡು ಗೆರೆಗಳ ನಡುವಿನ ಜಾಗ ಅದರ ಕಣ್ಣಿಗೆ ಬಿದ್ದೇ ಇಲ್ಲ.

ಹಾಗಾಗಿ ಶುರು ಗೇಣಿನಿಂದ. ಒಂದೇ ಬೆಂಚನ್ನು ನಾಲ್ಕು ಮಕ್ಕಳು ಗೇಣು ಹಾಕಿ ಅಳೆಯಲಿ, ಕೊನೆಗೆ ನೀವೂ ಅಳೆಯಿರಿ. ಉತ್ತರ ಬೇರೆಬೇರೆ ಬರುತ್ತದೆ. ಯಾರದು ಸರಿ ಎಂದು ಅವರೇ ವಾದಿಸಲಿ, ನೀವು ತೀರ್ಪು ಕೊಡಬೇಡಿ. ಆಗ ನಮ್ಮ ಉಡುಪಿಯ ಶಂಕರಪುರ ಮಲ್ಲಿಗೆಯ ಲೆಕ್ಕ ತನ್ನಿ: ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊಳ ಹಾಕಿ ಮಾರಿದರೆ ಮಾರುವವರ ಕೈಯ ಉದ್ದಕ್ಕೆ ತಕ್ಕಂತೆ ಹೂ ಹೆಚ್ಚುಕಮ್ಮಿ ಆಗುತ್ತದೆ, ಎಣಿಸಿ ಕಟ್ಟಿದ ಚೆಂಡಿನಲ್ಲಿ ಹಾಗಾಗುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಏಕೆ ಬೇಕು ಎಂಬುದು ಉಡುಪಿಯ ಮಕ್ಕಳಿಗೆ ಇಷ್ಟರಲ್ಲೇ ಹೊಳೆಯುತ್ತದೆ.

ಈಗ ಸ್ಕೇಲನ್ನು ಮಕ್ಕಳೇ ಮಾಡಲಿ. 12 ಸೆ.ಮೀ. ಉದ್ದದ ರಟ್ಟಿನ ಪಟ್ಟಿಯ ಮೇಲೆ 1 ಸೆ.ಮೀ. ಅಗಲದ ಕೆಂಪು, ಹಳದಿ ಕಾಗದದ ತುಂಡುಗಳನ್ನು ಒಂದು ಬಿಟ್ಟು ಒಂದರಂತೆ ಅಂಟಿಸಬೇಕು. ತುಂಡುಗಳ ನಡುವೆ ಸಂದು ಬಿಡಬಾರದು, ಒಂದರ ಮೇಲೊಂದು ಏರಲೂಬಾರದು. ಅಳತೆ ಕೆಡುವುದು ಅಲ್ಲೇ. ಎರಡು ದಿನ ಅಂಕಿ ಬರೆಯದೆ ಬಣ್ಣದ ಮನೆಗಳನ್ನಷ್ಟೇ ಎಣಿಸಿ ಅಳೆಯಲಿ. ಮೂರನೇ ದಿನ ಪ್ರತಿ ಮನೆ ಮುಗಿಯುವಲ್ಲಿ ಅಂಕಿ ಬರೆಸಿ, "ಮೊದಲ ಮನೆ ಶುರುವಾಗುವಲ್ಲಿ ಏನು ಬರೆಯೋಣ?" ಎಂದು ಕೇಳಿ. ಸೊನ್ನೆ ಅವರ ಬಾಯಿಂದಲೇ ಬರಬೇಕು.

ಅರ್ಥವಾಗಿದೆಯೇ ಎಂದು ತಿಳಿಯಲು ಮುರಿದ ಸ್ಕೇಲು ಕೊಡಿ. ಕಡ್ಡಿ 3ರಿಂದ 10ರವರೆಗೆ ಇದೆ ಎನ್ನಿ. 10 ಎಂದ ಮಗು ಕೊನೆಯ ಅಂಕಿಯನ್ನು ಓದಿದೆ. 8 ಎಂದ ಮಗು ಗೆರೆ ಎಣಿಸಿದೆ. ಅದಕ್ಕೆ ಬಣ್ಣದ ಪಟ್ಟಿಯನ್ನು ಮತ್ತೆ ಕೊಡಿ. 7 ಎಂದವರು ಮುಂದೆ ಹೋಗಬಹುದು.

ಆಕೃತಿಗಳಿಗೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಯಷ್ಟು ಒಳ್ಳೆಯ ಸಾಮಗ್ರಿ ಬೇರೆ ಇಲ್ಲ. ಬುಡ ದಪ್ಪ, ತುದಿ ಸಪೂರ. ಆದ್ದರಿಂದ ನಡುಭಾಗದಿಂದ 6 ಸೆ.ಮೀ. ತುಂಡು ಮಾಡಿ. ಮೂಲೆಗೆ ಸೈಕಲ್ ವಾಲ್ವ್ ಟ್ಯೂಬಿನ 2 ಸೆ.ಮೀ. ತುಂಡು ಸಿಕ್ಕಿಸಿ. ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಅಲ್ಲಾಡುವುದಿಲ್ಲ. ಹೆಂಚಿನ ಮನೆಯ ಮಾಡಿನಲ್ಲಿ ತ್ರಿಕೋನವನ್ನು ಹುಡುಕಲು ಹೇಳಿ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ತೋರಿಸುವುದನ್ನು ಮರೆಯಬೇಡಿ, ತುಂಬಾ ಮಕ್ಕಳು ಆಗ ಅದು ಚೌಕವಲ್ಲ ಎನ್ನುತ್ತಾರೆ.

ಸುತ್ತಳತೆಗೂ ವಿಸ್ತೀರ್ಣಕ್ಕೂ ಆಗುವ ಗೊಂದಲಕ್ಕೆ 12 ಕಡ್ಡಿ ಸಾಕು. ಟ್ಯೂಬ್ ಇಲ್ಲದೆ ನೆಲದ ಮೇಲೇ ಜೋಡಿಸಿ. ಟ್ಯೂಬ್ ಹಾಕಿದರೆ ಉದ್ದ ಬದಿಗಳು ಬಾಗುತ್ತವೆ. 5 ಮತ್ತು 1, 4 ಮತ್ತು 2, 3 ಮತ್ತು 3 ಬದಿಗಳ ಆಯತ ಮಾಡಿ, ಒಳಗೆ 6 ಸೆ.ಮೀ. ರಟ್ಟಿನ ಚೌಕಗಳನ್ನು ತುಂಬಿಸಿ. ಕಡ್ಡಿ ಅಷ್ಟೇ, ಚೌಕ ಮಾತ್ರ 5, 8, 9. ಸೂತ್ರ ಇದಾದ ಮೇಲೆ.

ಕಡ್ಡಿಗಳನ್ನು ಚೆನ್ನಾಗಿ ಒಣಗಿಸಿ ಮುಚ್ಚಳವಿರುವ ಡಬ್ಬಿಯಲ್ಲಿಡಿ, ನಮ್ಮ ಮಳೆಗಾಲದಲ್ಲಿ ಬೇಗ ಬೂಸ್ಟು ಹಿಡಿಯುತ್ತದೆ.