ಹಳೇ ಮಸ್ಟಾಂಗ್‌ಗೆ ಗುಜರಿಯಲ್ಲಿ ಪಾರ್ಟ್ಸ್ ಹುಡುಕುವುದು ಹೇಗೆ?

1965ರ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡವರು ಅಮೆರಿಕದ ಗುಜರಿ ಯಾರ್ಡಿಗೆ ಹೋದರೆ ಮೊದಲು ಮಸ್ಟಾಂಗ್‌ಗಾಗಿಯೇ ಕಣ್ಣಾಡಿಸುತ್ತಾರೆ. ಸುಮ್ನೆ ಕಾಲು ನೋವು ಅಷ್ಟೇ. 1964ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಬಂದ ಈ ಕಾರು 1966ರ ಮಾರ್ಚ್ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು ನಿಜ, ಆದರೆ ಗುಜರಿಗೆ ಬಿದ್ದವುಗಳ ಒಳ್ಳೇ ಪಾರ್ಟ್ಸ್ ಎಂದೋ ಖಾಲಿಯಾಗಿವೆ. ನೀವು ಹುಡುಕಬೇಕಾದ್ದು ಅದರ ನೆಂಟರನ್ನು. ಫೋರ್ಡ್ ಕಂಪನಿ ಈ ಕಾರನ್ನು ಫಾಲ್ಕನ್ ಎಂಬ ಅಗ್ಗದ ಕಾರಿನ ತಳಹದಿಯ ಮೇಲೆ ಕಟ್ಟಿತು, ಅದಕ್ಕೇ 2,368 ಡಾಲರಿಗೆ ಮಾರಲು ಆಯಿತು. ಹಾಗಾಗಿ ಫಾಲ್ಕನ್, ಮರ್ಕ್ಯುರಿ ಕಾಮೆಟ್, ಆಮೇಲೆ ಬಂದ ಮ್ಯಾವರಿಕ್, ಗ್ರನಾಡಾ, ಇವುಗಳ ಎಷ್ಟೋ ಪಾರ್ಟ್ಸ್ ಇದಕ್ಕೆ ಕೂರುತ್ತವೆ.

ಮನೆ ಬಿಡುವ ಮುಂಚೆ ನಿಮ್ಮ ಕಾರನ್ನು ಓದಿಕೊಳ್ಳಿ. ಚಾಸಿಸ್ ನಂಬರಿನ ಐದನೇ ಅಕ್ಷರ ಎಂಜಿನ್ ಯಾವುದು ಎಂದು ಹೇಳುತ್ತದೆ. 1965ರಲ್ಲಿ ಸಿ, ಎ, ಕೆ ಇದ್ದರೆ 289 ಘನ ಇಂಚಿನ ವಿ8 (ಎಂಟು ಸಿಲಿಂಡರಿನ ಎಂಜಿನ್), ಟಿ ಇದ್ದರೆ 200 ಘನ ಇಂಚಿನ ಆರು ಸಿಲಿಂಡರ್. ಅರವತ್ತು ವರ್ಷದಲ್ಲಿ ಯಾರಾದರೂ ಎಂಜಿನ್ ಬದಲಿಸಿರಬಹುದು, ಅಲ್ವಾ? ಅದಕ್ಕೆ ಚಕ್ರದ ಬೋಲ್ಟ್ ಕೂಡ ಎಣಿಸಿ. ಆರು ಸಿಲಿಂಡರಿನದಕ್ಕೆ ನಾಲ್ಕು, ವಿ8ಗೆ ಐದು. ನಾಲ್ಕು ಬೋಲ್ಟಿನ ಬ್ರೇಕ್, ಆಕ್ಸಲ್ ಎಲ್ಲ ಸಣ್ಣವು, ಅವನ್ನು ವಿ8 ಕಾರಿಗೆ ಹಾಕಲೇಬೇಡಿ.

ಯಾರ್ಡಿನಲ್ಲಿ ಎಣ್ಣೆ ಮೆತ್ತಿದ ಕಬ್ಬಿಣ ಒರೆಸಿದರೆ ಎರಕದ ನಂಬರ್ ಕಾಣುತ್ತದೆ. ಉದಾಹರಣೆಗೆ ಸಿ5ಝಡ್‌ಇ ಎಂದು ಶುರುವಾದರೆ: ಸಿ ಅಂದರೆ 1960ರ ದಶಕ, 5 ಅಂದರೆ 1965, ಝಡ್ ಅಂದರೆ ಮಸ್ಟಾಂಗ್, ಇ ಅಂದರೆ ಎಂಜಿನ್ ವಿಭಾಗ. ಮೂರನೇ ಜಾಗದಲ್ಲಿ ಡಿ ಇದ್ದರೆ ಫಾಲ್ಕನ್, ಓ ಇದ್ದರೆ ಫೇರ್‌ಲೇನ್, ಎ ಇದ್ದರೆ ದೊಡ್ಡ ಫೋರ್ಡ್. ಇದು ಆ ವಿನ್ಯಾಸ ಯಾವ ವರ್ಷ, ಯಾವ ಕಾರಿಗಾಗಿ ಆಯಿತು ಎಂಬ ಗುರುತು ಮಾತ್ರ, ಅದೇ ಪಾರ್ಟ್ ಮುಂದಿನ ವರ್ಷಗಳಲ್ಲೂ ಬೇರೆ ಕಾರುಗಳಲ್ಲೂ ಬಂದಿರುತ್ತದೆ. ಯಾವುದು ಯಾವುದಕ್ಕೆ ಕೂರುತ್ತದೆ ಎಂದು ನೋಡಲು ಗುಜರಿಯವರೇ ಬಳಸುವ ಹಾಲೆಂಡರ್ ಇಂಟರ್‌ಚೇಂಜ್ ಪಟ್ಟಿ ಇದೆ, ಕೌಂಟರಿನಲ್ಲಿ ಕೇಳಿ.

ಇನ್ನು ಏನು ಬಿಚ್ಚಬೇಕು? ನನ್ನ ಪ್ರಕಾರ ಮೊದಲ ಸ್ಥಾನ ಬ್ರೇಕಿಗೆ. 1975ರಿಂದ 1980ರವರೆಗಿನ ಗ್ರನಾಡಾ ಅಥವಾ ಮರ್ಕ್ಯುರಿ ಮೊನಾರ್ಕ್ ಸಿಕ್ಕರೆ ಮುಂದಿನ ಡಿಸ್ಕ್ ಬ್ರೇಕ್ ಸೆಟ್ ಪೂರ್ತಿ ತೆಗೆಯಿರಿ, ಸ್ಪಿಂಡಲ್ (ಚಕ್ರ ಕೂರುವ ಭಾಗ), ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ), ಬ್ರಾಕೆಟ್, ಬೋಲ್ಟ್ ಸಮೇತ, ಎರಡೂ ಕಡೆಯದು. ಎರಡು ವಿಷಯ ನೆನಪಿರಲಿ: 65, 66ರ ಕಾರಿನಲ್ಲಿ ಇವನ್ನು ಹಾಕಿದರೆ ರಸ್ತೆ ಉಬ್ಬುತಗ್ಗಿನಲ್ಲಿ ಸ್ಟೀರಿಂಗ್ ತಾನೇ ಎಳೆಯುವ ತೊಂದರೆ ಬರಬಹುದು, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೋನ ಸರಿಮಾಡಿಸಬೇಕು; ಹಳೇ ಡ್ರಮ್ ಬ್ರೇಕ್ ಕಾಲದ ಕೆಲವು ವೀಲ್‌ಗಳು ಕ್ಯಾಲಿಪರ್‌ಗೆ ತಾಗುತ್ತವೆ.

ಹಿಂದಿನ ಆಕ್ಸಲ್‌ಗೆ 1995ರಿಂದ 2001ರ ಫೋರ್ಡ್ ಎಕ್ಸ್‌ಪ್ಲೋರರ್ ನೋಡಿ. ಒಳಗಿನ ದೊಡ್ಡ ಗೇರ್ 8.8 ಇಂಚಿನದಾದ ಗಟ್ಟಿ ಆಕ್ಸಲ್, ಜೊತೆಗೆ ಡಿಸ್ಕ್ ಬ್ರೇಕ್ ಕೂಡ. ಆದರೆ ಮಸ್ಟಾಂಗ್‌ಗೆ ಸ್ವಲ್ಪ ಅಗಲ ಜಾಸ್ತಿ. ಅದರ ಎಡಗಡೆ ಟ್ಯೂಬ್ ಉದ್ದ, ಬಲಗಡೆಯದು ಗಿಡ್ಡ. ಎಡಗಡೆಯದನ್ನು ಕತ್ತರಿಸಿ ಬೆಸುಗೆ ಹಾಕಿಸಿ, ಎರಡೂ ಕಡೆ ಗಿಡ್ಡ ಶಾಫ್ಟ್ ಹಾಕುತ್ತಾರೆ. ಹಾಗಾಗಿ ಅದೇ ದಿನ ಇನ್ನೊಂದು ಎಕ್ಸ್‌ಪ್ಲೋರರ್‌ನಿಂದ ಬಲಗಡೆ ಶಾಫ್ಟ್ ಒಂದನ್ನು ಜಾಸ್ತಿ ಬಿಚ್ಚಿಕೊಂಡು ಬನ್ನಿ. ಸ್ಪ್ರಿಂಗ್ ಕೂರುವ ಪ್ಯಾಡ್‌ಗಳನ್ನೂ ಮತ್ತೆ ವೆಲ್ಡ್ ಮಾಡಿಸಬೇಕು. ಇದು ಪಳಗಿದ ಕೈಗೇ ಕೊಡುವ ಕೆಲಸ.

ಅದೇ ಎಕ್ಸ್‌ಪ್ಲೋರರ್‌ನ 5.0 ಲೀಟರ್ ವಿ8 ಎಂಜಿನ್ನೂ ಹಲವರ ಕಣ್ಣಿಗೆ ಬೀಳುತ್ತದೆ, ಕೂರುತ್ತದೆ ಕೂಡ. ಆದರೆ ಎಂಜಿನ್ ನಡುಗದಂತೆ ಫ್ಲೈವೀಲ್‌ನಲ್ಲಿ (ಎಂಜಿನ್ ತುದಿಯ ಭಾರದ ಚಕ್ರ) ಇಡುವ ಸಮತೋಲನದ ತೂಕದ ಅಳತೆ 289ಕ್ಕೆ 28 ಔನ್ಸ್, ಇದಕ್ಕೆ 50 ಔನ್ಸ್. ಹಳೇ ಫ್ಲೈವೀಲ್ ಹಾಕಿದರೆ ಎಂಜಿನ್ ನಡುಗಿ ಬೇರಿಂಗ್ ಹಾಳಾಗುತ್ತದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, ಕೂಡ ಬೇರೆ: ಹಳೇದು 1-5-4-2-6-3-7-8, ಹೊಸದು 1-3-7-2-6-5-4-8.

ಬಿಚ್ಚುವಾಗ ಆತುರ ಬೇಡ. ನಾವೇ ಬಿಚ್ಚಿಕೊಳ್ಳುವ ಯಾರ್ಡುಗಳಲ್ಲಿ ಗ್ಯಾಸ್ ಕಟರ್‌ಗೆ ಅವಕಾಶ ಇರುವುದಿಲ್ಲ, ಸ್ಪ್ಯಾನರ್ ನಿಮ್ಮದೇ. ಹಳೇ ಫೋರ್ಡ್‌ಗೆ ಇಂಚಿನ ಸೆಟ್ ಬೇಕು, 7/16, 1/2, 9/16 ಜಾಸ್ತಿ ಬಳಕೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬೇರೆ ಕೆಲಸ ನೋಡಿಕೊಂಡು ಬನ್ನಿ, ಆಮೇಲೆ ಬೋಲ್ಟನ್ನು ಮೊದಲು ಚೂರು ಬಿಗಿ ಮಾಡಿ, ನಂತರ ಸಡಿಲಿಸಿ. ಕ್ಲಿಪ್ಪು, ವಾಷರ್ರು, ಹಿಂಜ್ ಬಿಡಬೇಡಿ. ಹೊಸದಾಗಿ ಮಾಡಿ ಮಾರುವ ಬಾಗಿಲು, ಮಡ್‌ಗಾರ್ಡ್‌ಗಳಿಗಿಂತ ಫೋರ್ಡ್‌ನದೇ ಹಳೇ ತಗಡು ಎಷ್ಟೋ ಚೆನ್ನಾಗಿ ಕೂರುತ್ತದೆ, ಸಣ್ಣ ಡೊಂಕಿದ್ದರೂ ಅದನ್ನೇ ತನ್ನಿ.

ಯಾರ್ಡು ಎಲ್ಲಿದೆ ಎಂಬುದೂ ಮುಖ್ಯ. ಅರಿಜೋನಾದ ಒಣ ಹವೆಯಲ್ಲಿ ತಗಡು ಉಳಿದಿರುತ್ತದೆ, ಆದರೆ ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡ್, ರಬ್ಬರ್ ಎಲ್ಲ ಸೀಳಿಹೋಗಿರುತ್ತವೆ. ಮಿಚಿಗನ್, ಓಹಾಯೋ ಕಡೆ ಹಿಮಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ, ಅಲ್ಲಿಯ ಕಾರಿನ ತಳ ತಿಂದುಹೋಗಿದ್ದರೂ ಒಳಗಿನ ಮೀಟರ್, ಗಾಜು ಚೆನ್ನಾಗಿರಬಹುದು.

ಪಾರ್ಟ್ಸ್ ಮನೆಗೆ ಬಂದ ಮೇಲೆ: ಗುಜರಿಯ ಬ್ರೇಕ್ ಹೋಸ್, ಪ್ಯಾಡ್ ಬಳಸಬೇಡಿ, ಹೊಸದೇ ಹಾಕಿ. ಕ್ಯಾಲಿಪರ್‌ಗೆ ಹೊಸ ಸೀಲ್ ಹಾಕಿಸಿ. 65, 66ರಲ್ಲಿ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರಿಗೆ ಒಂದೇ ಖಾನೆ, ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಲ್ಲಿ ಬಂದ ಎರಡು ಖಾನೆಯ ಬಗೆಯದಕ್ಕೆ ಬದಲಿಸಿ, ಇದನ್ನು ಮುಂದೂಡಬೇಡಿ. ಹಳೇ 289ರ ಕ್ಯಾಮ್‌ಗೆ (ವಾಲ್ವ್ ತೆರೆಯುವ ಶಾಫ್ಟ್) ಜಿಂಕ್ ಜಾಸ್ತಿ ಇರುವ ಆಯಿಲ್ ಬೇಕು, ಇಂದಿನ ಕಾರುಗಳ ಆಯಿಲ್‌ನಲ್ಲಿ ಅದು ಕಡಿಮೆ. ಅಮೆರಿಕದ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಭಾಗದವರೆಗೆ ಎಥನಾಲ್ ಇರುತ್ತದೆ, ಅದು ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ, ಪೆಟ್ರೋಲ್ ಪೈಪು ಬದಲಿಸಿ.

ಕೊನೆಗೆ ಒಂದು ಬಕೆಟ್ ನೀರು ತಗೊಂಡು ಮುಂದಿನ ಗಾಜಿನ ಕೆಳಗಿರುವ ಗಾಳಿಕಿಂಡಿಗೆ ಸುರಿಯಿರಿ, ಒಬ್ಬರು ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ನೋಡಲಿ. ಒಳಗೆ ತೊಟ್ಟಿಕ್ಕಿದರೆ ಅಲ್ಲಿನ ತಗಡು ತೂತಾಗಿದೆ, ನೆಲದ ತಗಡು ಕೊಳೆಯುವುದೂ ಸಾಮಾನ್ಯವಾಗಿ ಅದರಿಂದಲೇ. ಸ್ಪಾಟ್ ವೆಲ್ಡ್‌ಗಳನ್ನು (ತಗಡು ಜೋಡಿಸಿದ ಚುಕ್ಕೆ ಬೆಸುಗೆಗಳನ್ನು) ಕೊರೆದು ಮೇಲಿನ ತಗಡು ತೆಗೆದೇ ರಿಪೇರಿ ಮಾಡಬೇಕು. ಅದು ಮುಗಿಯುವವರೆಗೆ ನೆಲಕ್ಕೆ ಹೊಸ ತಗಡು, ಕಾರ್ಪೆಟ್ ಯಾವುದನ್ನೂ ಹಾಕಿಸಬೇಡಿ.